ಜಗಲಿಯ ಮೇಲಿನ ಬೋಲ್ಟು

ಸೇನೆಯ ಹಳೆಯ ಲಾರಿಗೆ ಚಾವಿ ಎಂಬುದು ಇರುವುದಿಲ್ಲ. ಗುಂಡಿ ಒತ್ತಿದವನದೇ ಲಾರಿ. ಗುಂಡು ಹಾರುವ ಹೊತ್ತಿನಲ್ಲಿ ಚಾವಿ ಎಲ್ಲಿಟ್ಟೆ ಎಂದು ಜೇಬು ತಡಕಾಡುವವರು ಯಾರು?

ಇದನ್ನು ಬಲ್ಲ ಬಕ್ಕೇಶಪ್ಪ, ಹರಾಜಿನಲ್ಲಿ ಲಾರಿ ಹಿಡಿದ ದಿನವೇ ಒಂದು ಕಟ್ಟುಪಾಡು ಹಾಕಿದ್ದ. ಅವನು ಸೇನೆಯಲ್ಲಿ ಇಂಥದೇ ಡೀಸೆಲ್ ಲಾರಿ ಓಡಿಸಿ ನಿವೃತ್ತನಾದವನು. ಜೊತೆಗೆ ಪಾಲು ಹಾಕಿದವನು ಷಡ್ಡಕ ಮಹಾಂತೇಶ, ಎಸ್.ಎಸ್. ಬಡಾವಣೆಯಲ್ಲಿ ಕಲ್ಯಾಣ ಮಂಟಪ ನಡೆಸುವವನು. ಲೋಕಿಕೆರೆ ರಸ್ತೆಯಲ್ಲಿ ಮುಚ್ಚಿಬಿದ್ದ ಮಹಾಂತೇಶನ ಅಕ್ಕಿ ಗಿರಣಿಯ ಅಂಗಳದಲ್ಲಿ ಲಾರಿ ನಿಂತಿತು. ಭಾನುವಾರ ಬಂತೆಂದರೆ ಇಬ್ಬರೂ ಅದರ ಸೇವೆಗೆ ಹಾಜರು. ಸಂಜೆ ಕೈತೊಳೆಯುವ ಮುಂಚೆ ಬ್ಯಾಟರಿ ಸ್ವಿಚ್ಚಿನ ಹಿಡಿಯನ್ನು ಮಹಾಂತೇಶ ಕಿತ್ತು ಒಯ್ಯುತ್ತಿದ್ದ. ಡೀಸೆಲ್ ಪೈಪನ್ನು ಪಂಪಿಗೆ ಕೂಡಿಸುವ ಟೊಳ್ಳು ಬೋಲ್ಟನ್ನು ಬಕ್ಕೇಶಪ್ಪ ಬಿಚ್ಚಿ ಒಯ್ಯುತ್ತಿದ್ದ. ಆ ಬೋಲ್ಟಿನ ಹೊಟ್ಟೆಯೊಳಗೆ ಹಾಯ್ದೇ ಡೀಸೆಲ್ ಮುಂದಕ್ಕೆ ಹೋಗಬೇಕು. ಅದರ ಥ್ರೆಡ್ಡು ಹಳೆಯ ಅಳತೆಯದು, ಯಾವ ಅಂಗಡಿಯಲ್ಲೂ ಸಿಗುವಂಥದಲ್ಲ. ಇಬ್ಬರೂ ಒಪ್ಪದೆ ಲಾರಿ ಕದಲಬಾರದು, ಅದರ ಮೈಗೆ ಕಟರ್ ತಾಕಬಾರದು: ಇದು ಮಾತು. ಹಣೆಗೆ ವಿಭೂತಿ ಧರಿಸಿಯೇ ಇಬ್ಬರೂ ಕೊಟ್ಟ ಮಾತು.

ಬೋಲ್ಟಿಗೆ ಮನೆಯಲ್ಲಿ ದೇವರ ಜಗಲಿಯ ಮೇಲೆ ಜಾಗ ಸಿಕ್ಕಿತ್ತು. ಬಕ್ಕೇಶಪ್ಪನ ಹೆಂಡತಿ ದ್ರಾಕ್ಷಾಯಣಮ್ಮ ಸಂಜೆ ದೀಪ ಹಚ್ಚುವಾಗ ಎಲ್ಲಕ್ಕೂ ವಿಭೂತಿ ಹಚ್ಚಿ, ಕೊನೆಗೆ ಅದಕ್ಕೂ ಒಂದು ಬೊಟ್ಟು ಸವರುತ್ತಿದ್ದಳು. “ಎಲ್ಲಾ ದೇವರೂ ಆತು, ಈ ಡೀಸೆಲ್ ಸ್ವಾಮಿ ಒಬ್ಬ ಉಳಿದಿದ್ದ” ಎಂದು ನಗುತ್ತಿದ್ದಳು. ಒಮ್ಮೆ ಲಾರಿಯ ಕೆಳಗೆ ಜಾಕ್ ಜಾರಿ ಗಂಡನ ಭುಜ ತರಚಿಕೊಂಡು ಬಂದ ಮೇಲೆ ಆ ನಗು ನಿಂತಿತ್ತು. ವಿಭೂತಿ ಮಾತ್ರ ನಿಂತಿರಲಿಲ್ಲ.

ಲಾರಿ ಸಿದ್ಧವಾದ ದಿನ ನಾಲೆಯ ದಾರಿ ಹಿಡಿದು ಮಲೆಬೆನ್ನೂರಿಗೆ ಹೋಗಿ ಬರಬೇಕು, ಇದ್ದ ಮೈಯಲ್ಲೇ, ಹಸಿರು ಬಣ್ಣದಲ್ಲೇ. ಅದು ಬಕ್ಕೇಶಪ್ಪನ ಆಸೆ. ಆದರೆ ಸಿದ್ಧವಾಗುವ ದಿನ ಹತ್ತಿರ ಬಂದಂತೆಲ್ಲ ಅವನಿಗೆ ಇನ್ನೊಂದು ಸೋರಿಕೆ ಕಾಣುತ್ತಿತ್ತು, ಇನ್ನೊಂದು ಬುಷ್ ಸವೆದಿರುತ್ತಿತ್ತು. “ಬರೋ ಭಾನುವಾರ” ಎನ್ನುತ್ತಿದ್ದ.

ಈ ಭಾನುವಾರ ಬೋಲ್ಟನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಗಿರಣಿಗೆ ಬಂದರೆ ಅಂಗಳ ಖಾಲಿ. ಲಾರಿ ನಿಂತಿದ್ದ ಕಡೆ ಎಣ್ಣೆಯ ಕಲೆಯಷ್ಟೇ ಇತ್ತು.

“ನಿನ್ನೆ ಸಂಜೀಕೆ ಮಾಂತೇಶಣ್ಣಾರು ಬಂದು ಹರಿಹರಕ್ಕೆ ಹೊಡ್ಕಂಡು ಹೋದ್ರಲ್ರಿ” ಎಂದ ಗಿರಣಿ ಕಾಯುವ ಓಬಯ್ಯ. “ನಿಮಗೆ ಗೊತ್ತೈತೆ ಅಂದ್ಕಂಡಿದ್ದೆ.”

“ಎಳಕಂಡು ಹೋದ್ರೇನು?”

“ಎಳೆಯೋದ್ಯಾಕ್ರಿ. ಗುಡುಗುಡು ಅಂತ ತಾನಾಗೇ ಹೋತು. ಮದುವಣಗಿತ್ತಿ ಹಂಗೆ.”

ಬಕ್ಕೇಶಪ್ಪ ಜೇಬು ಮುಟ್ಟಿಕೊಂಡ. ಬೋಲ್ಟು ಅಲ್ಲೇ ಇತ್ತು. ಓಬಯ್ಯ ಅವನ ಮುಖ ನೋಡಿ, “ನಂಬಿದ ಎಮ್ಮೆ ಕೋಣ ಈಯ್ತೇನ್ರಿ ಯಜಮಾನ್ರೆ?” ಎಂದವನು ಉತ್ತರಕ್ಕೆ ಕಾಯದೆ ಗೇಟಿನ ಕಡೆ ಹೋದ.

ಹರಿಹರದ ಬಸ್ಸಿನಲ್ಲಿ ಕೂತು ಬಕ್ಕೇಶಪ್ಪ ತನಗೆ ತಾನೇ ಸಮಾಧಾನ ಹೇಳಿಕೊಂಡ. ಬಣ್ಣ ಹೊಡೆಸಲು ಒಯ್ದಿರಬೇಕು. ತನಗೆ ಹೇಳದೆ ಮಾಡಿಸಿ, ಮಲೆಬೆನ್ನೂರಿಗೆ ಹೊರಡೋಣ ಬಾ ಎಂದು ಕರೆಯುವ ಯೋಚನೆ ಇರಬೇಕು. ಬೋಲ್ಟಿನ ಸಂಗತಿಯೊಂದು ಮಾತ್ರ ಈ ಸಮಾಧಾನದೊಳಗೆ ಕೂರಲಿಲ್ಲ.

ಲಾರಿಗೆ ಬಾಡಿ ಕಟ್ಟುವ ಶೆಡ್ಡಿನಲ್ಲಿ ಅದು ನಿಂತಿತ್ತು. ಕ್ಯಾಬಿನ್ನಿನ ಹಿಂದೆ, ಚಾಸಿಯ ಮೇಲೆ, ಎರಡೂ ಪಕ್ಕಕ್ಕೆ ಸೀಮೆಸುಣ್ಣದ ಗೆರೆಗಳು. ಪಕ್ಕದಲ್ಲಿ ಬಂಗಾರದ ಬಣ್ಣ ಬಳಿದ ಜೋಡಿ ಸಿಂಹಾಸನ, ಅದರ ಬೆನ್ನಿಗೆ ಪ್ಲಾಸ್ಟಿಕ್ಕಿನ ನವಿಲು. ಮಹಾಂತೇಶ ನವಿಲಿನ ಕತ್ತು ಹಿಡಿದು ನಿಂತಿದ್ದ.

“ಬರ್ರಿ ಅಣ್ಣಾ, ಕೂಡ್ರಿ” ಎಂದ, ಮನೆಗೆ ಬಂದವರಿಗೆ ಅಂದಂತೆ.

“ಗೆರೆ ಯಾಕ ಎಳೆದೀರಿ?”

“ಹಿಂದಿನ ಮೈ ಕೊಯ್ದು ತಗ್ಗಿಸ್ತಾರ. ಮದುಮಕ್ಕಳ ಮೆರವಣಿಗೆಗೆ. ಮಿಲಿಟರಿ ಲಾರಿ ಮ್ಯಾಲೆ ಬರ್ತೀವಿ ಅಂತ ಈಗಿನ ಹುಡುಗ್ರು ಸಾಲುಗಟ್ಟಿ ಕೇಳ್ತಾರ. ಇವತ್ತು ಅಮಾಸಿ, ಕಟರ್ ಹಚ್ಚಲ್ಲ ಅಂದ್ರು. ನಾಳೆ.”

“ಮಾತು ಕೊಟ್ಟಿದ್ರಲ್ಲಪ್ಪ.”

“ಕೊಟ್ಟಿದ್ದೆ. ನೀವೂ ಬರೋ ಭಾನುವಾರ ಅಂತ ಕೊಡ್ತಾನೇ ಇದ್ರಿ. ಬಸುರಿನೂ ಇಷ್ಟು ದಿನ ಕಾಯಿಸಲ್ಲ ಅಣ್ಣಾ. ರಸ್ತೆ ಮುಖ ನೋಡದ ಲಾರಿ ಇದ್ದರೇನು, ಕೊಯ್ದರೇನು?”

ಬಕ್ಕೇಶಪ್ಪ ಬಾನೆಟ್ಟು ಎತ್ತಿದ. ಪಂಪಿನ ಬಾಯಿಗೆ ಹೊಚ್ಚ ಹೊಸ ಬೋಲ್ಟೊಂದು ಫಳಫಳ ಹೊಳೆಯುತ್ತಿತ್ತು. ಅದನ್ನು ಬಿಚ್ಚಿ, ತನ್ನದನ್ನು ಹಾಕಿ, ಲಾರಿ ಹೊರಗೆ ತೆಗೆದುಬಿಡುವುದು ಎಂದು ನಿಶ್ಚಯಿಸಿ ಅವನು ಶೆಡ್ಡಿನವರ ಸ್ಪ್ಯಾನರ್ ಕೈಗೆತ್ತಿಕೊಂಡ. ಬ್ಯಾಟರಿ ಸ್ವಿಚ್ಚಿನ ಹಿಡಿ ಹೇಗೂ ಹಾಕಿಯೇ ಇತ್ತು.

ಆಗ ಪಕ್ಕದ ಲೇಥಿನ ಅಂಗಡಿಯಿಂದ ಹಯಾತ್ ಸಾಬ್ ಕೈ ಒರೆಸಿಕೊಳ್ಳುತ್ತ ಬಂದ. ಈ ಲಾರಿಯ ಬುಷ್‌ಗಳನ್ನೆಲ್ಲ ಮೊದಲಿನಿಂದ ಕಡೆದುಕೊಟ್ಟವನು ಅವನೇ. ಮುಖ ಅರಳಿತ್ತು.

“ಹೆಂಗೈತೆ ಅಣ್ಣಾರ ನನ್ನ ಬೋಲ್ಟು? ಕೂಡ್ತಾ ಸರಿಯಾಗಿ? ಒಂದು ಹನಿ ಸೋರಿದ್ರೆ ಹೇಳ್ರಿ, ಲೇಥು ಮಾರಿ ಹೋಗ್ತೀನಿ.”

“ಸೋರಿಲ್ಲ” ಎಂದ ಬಕ್ಕೇಶಪ್ಪ. ಆಮೇಲೆ ಮೆಲ್ಲಗೆ, “ಸ್ಯಾಂಪಲ್ ಯಾರು ತಂದಿದ್ರು?”

“ಯಾರು ಅಂದ್ರೆ? ನೀವೇ ಕಳಿಸಿದ್ರಂತಲ್ಲ, ಅಮ್ಮಾರೇ ತಂದಿದ್ರು. ನಾನು ಅಳತೆ ಹಿಡಿದು ಕಡೆಯೋ ತನಕ ಅಲ್ಲೇ ಸ್ಟೂಲ್ ಮ್ಯಾಲೆ ಕೂತಿದ್ರು. ವಿಭೂತಿ ಇತ್ತು, ಡೀಸೆಲ್ಲಾಗೆ ತೊಳೀಬಾರ್ದು ಅಂತ ಬಟ್ಟೇಲಿ ಒರೆಸಿದೆ.” ಅಷ್ಟು ಹೇಳಿ ಹಯಾತ್ ಸಾಬ್ ಇಬ್ಬರ ಮುಖವನ್ನೂ ನೋಡಿದ. “ಯಾ ಅಲ್ಲಾ. ನಿಮಗೆ ಗೊತ್ತಿಲ್ಲೇನು?”

ಮಹಾಂತೇಶ ನವಿಲಿನ ಕತ್ತು ಬಿಟ್ಟ.

ಷಡ್ಡಕನ ಮೇಲೆ ಸಿಟ್ಟು ಮಾಡಬಹುದಿತ್ತು. ಅದಕ್ಕೆ ಜಾಗವಿತ್ತು, ಮಾತುಗಳೂ ಇದ್ದವು. ಹೆಂಡತಿಯ ಕೈಯೂ ಇದರೊಳಗಿದೆ ಎಂದಮೇಲೆ ಆ ಸಿಟ್ಟು ಯಾರ ಮೇಲೆ? ಲಾರಿ ಹೊರಗೆ ತೆಗೆದರೂ ಎಲ್ಲಿಗೆ ಒಯ್ಯುವುದು? ಗಿರಣಿ ಮಹಾಂತೇಶನದು. ಮನೆ ಅಂದರೆ ಬೋಲ್ಟು ಕಾಲು ಬಂದು ಎದ್ದುಹೋದ ಮನೆ.

ಹೊಸ ಬೋಲ್ಟು ಬಿಚ್ಚಿದ. ಹಳೆಯದನ್ನು ಜೇಬಿನಿಂದ ತೆಗೆದು ತಾಮ್ರದ ವಾಷರ್ ಸಮೇತ ಕೂಡಿಸಿ ಬಿಗಿದ. ಪೈಪಿನೊಳಗೆ ಸಿಕ್ಕ ಗಾಳಿ ಹೋಗುವವರೆಗೆ ಕೈಪಂಪು ಒತ್ತಬೇಕು. ಪ್ರತಿ ಸಲವೂ ಆ ಹೊತ್ತಿನಲ್ಲಿ ಚಿಕ್ಕಂದಿನಲ್ಲಿ ಅಪ್ಪನ ಬಾಯಲ್ಲಿ ಕೇಳಿ ಕಲಿತ ವಚನವೊಂದನ್ನು ಅವನು ತನ್ನೊಳಗೇ ಅಂದುಕೊಳ್ಳುತ್ತಿದ್ದ. ವಚನ ಮುಗಿಯುವುದಕ್ಕೂ ಗುಳ್ಳೆ ನಿಲ್ಲುವುದಕ್ಕೂ ಸರಿಹೋಗುತ್ತಿತ್ತು. ಇವತ್ತು ಮೊದಲ ಸಾಲೇ ತುಟಿಗೆ ಬರಲಿಲ್ಲ. ಸುಮ್ಮನೆ ಒತ್ತಿದ. ಗುಳ್ಳೆ ನಿಂತವು. ಗುಂಡಿ ಒತ್ತಿದ, ಎಂಜಿನ್ನು ಒಂದೇ ಏಟಿಗೆ ಎದ್ದು ಹದವಾಗಿ ನುಡಿಯಿತು.

ಮಹಾಂತೇಶ ಓಡಿಬಂದು ಬಂಪರಿನ ಮುಂದೆ ಅಡ್ಡ ನಿಂತ. ಬಕ್ಕೇಶಪ್ಪ ಸ್ವಲ್ಪ ಹೊತ್ತು ಆ ಸದ್ದು ಕೇಳಿದ. ಆಮೇಲೆ ನಿಲ್ಲಿಸುವ ತಂತಿ ಎಳೆದ.

“ಸರೀರಿ. ನಾನು ಒಯ್ಯಲ್ಲ. ನಾಳೆ ಕೊಯ್ಯುವಾಗ ಅದರ ಬೋಲ್ಟು ಅದರ ಹತ್ರ ಇರ್ಲಿ.”

ಹೊಸ ಬೋಲ್ಟನ್ನು ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದ.

ದೀಪ ಹಚ್ಚುವ ಹೊತ್ತಿಗೆ ದ್ರಾಕ್ಷಾಯಣಮ್ಮ ಜಗಲಿಯ ಮುಂದೆ ಕೂತಳು. ಲಿಂಗಕ್ಕೆ, ಪಟಗಳಿಗೆ ವಿಭೂತಿ ಹಚ್ಚುತ್ತ ಬಂದ ಬೆರಳು ಕೊನೆಯಲ್ಲಿ ತಡೆದು ನಿಂತಿತು. ಹಳೆಯದರ ಜಾಗದಲ್ಲಿ ಕಡೆದ ಗೆರೆ ಇನ್ನೂ ಮಾಸದ ಬೋಲ್ಟು ಕೂತಿತ್ತು. ಹಿಂದೆ ಕಂಬಕ್ಕೆ ಒರಗಿ ಕೂತಿದ್ದ ಗಂಡನ ಕಡೆ ಅವಳು ತಿರುಗಲಿಲ್ಲ.

“ಜಾಕ್ ಜಾರಿದ ದಿನ, ಇನ್ನು ಅದರ ಕೆಳಗೆ ಮಲಗಲ್ಲ ಅಂತ ನನಗೂ ಒಂದು ಮಾತು ಕೊಟ್ಟಿದ್ರಿ” ಎಂದಳು. “ಭಾನುವಾರ ಭಾನುವಾರ ನಿಮ್ಮ ಅಂಗಿ ಬೆನ್ನು ತಿಕ್ಕಿದವಳು ನಾನು. ಗ್ರೀಸ್ ಮ್ಯಾಲಿಂದ ಬೀಳಲ್ಲ.”

“ನನಗೆ ಹೇಳಬಹುದಿತ್ತು.”

“ಹೇಳಿದ್ರೆ ಬೋಲ್ಟು ಬಚ್ಚಿಡ್ತಿದ್ರಿ.”

ಅದು ನಿಜವೇ. ನಿಜವಾದ ಮಾತ್ರಕ್ಕೆ ನೋವು ಕಡಿಮೆಯಾಗಲಿಲ್ಲ. ಲೇಥಿನ ಪಕ್ಕದ ಸ್ಟೂಲಿನ ಮೇಲೆ ಸೆರಗು ಹೊದ್ದು, ಬೋಲ್ಟು ಕಡೆದು ಮುಗಿಯುವ ತನಕ ಅವಳು ಕೂತಿದ್ದುದು ಅವನ ಕಣ್ಣಿಗೆ ಕಟ್ಟಿತ್ತು. ಅಲ್ಲಿಂದ ಮನೆಗೆ ಬಂದು ಹಳೆಯದನ್ನು ಸ್ವಸ್ಥಾನದಲ್ಲಿಟ್ಟು, ಆ ಸಂಜೆಯೂ ಅದಕ್ಕೆ ಬೊಟ್ಟು ಸವರಿರಬೇಕು.

ದ್ರಾಕ್ಷಾಯಣಮ್ಮ ಬೆರಳನ್ನು ವಿಭೂತಿಯಲ್ಲಿ ಅದ್ದಿ ಹೊಸ ಬೋಲ್ಟಿಗೂ ಹಚ್ಚಿದಳು. ನುಣುಪಾದ ಕಬ್ಬಿಣ, ವಿಭೂತಿ ನಿಲ್ಲದೆ ಉದುರಿತು. ಮತ್ತೆ ಹಚ್ಚಿದಳು.