ತರಗತಿಯ ಒಂದೇ ಫೋಟೊ

ಕಣ್ಣಿನ ಆಸ್ಪತ್ರೆಯ ವಿಚಾರಣೆ ಕಿಟಕಿಗೆ ಹೊರದೇಶದ ಮುದುಕನೊಬ್ಬ ಬಂದು ನಿಂತ. ಒಂದು ಕಣ್ಣಿಗೆ ಪಟ್ಟಿ. ಗಾಜಿನ ತೂತಿನ ಹತ್ತಿರ ಬಾಯಿ ತಂದು ಇಂಗ್ಲಿಷಿನಲ್ಲಿ ಗಡಗಡನೆ ಏನೋ ಹೇಳಿದ.

ಒಳಗೆ ಕುಳಿತವಳು ಚೆನ್ನಾಗಿ ನಕ್ಕಳು. "ಒನ್ ಮಿನಿಟ್, ಪ್ಲೀಸ್" ಎಂದಳು. ಆ ಮೂರು ಮಾತನ್ನು ಅವಳು ಹೇಳುವುದನ್ನು ಕೇಳಿದರೆ, ಇವಳು ಹುಟ್ಟಿದ್ದೇ ಆ ಭಾಷೆಯಲ್ಲಿ ಅನ್ನಿಸಬೇಕು. ಆಮೇಲೆ ಅವನ ಕೈಯ ಚೀಟಿ ಇಸಿದುಕೊಂಡು, ಹಿಂದಿನ ಬಾಗಿಲಿನಿಂದ ದಾಖಲೆ ಕೋಣೆಗೆ ಓಡಿದಳು.

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ 'ಫಾರಿನ್' ಎನ್ನುತ್ತಿದ್ದರು. ಆರು ತಿಂಗಳ ಹಿಂದೆ ಆಸ್ಪತ್ರೆಯವರೇ ಅವಳನ್ನು ಇಂಗ್ಲಿಷ್ ಕಲಿಯಲು ನಾಲ್ಕು ವಾರ ಹೊರದೇಶಕ್ಕೆ ಕಳಿಸಿದ್ದರು. ಬಂದ ಮೇಲೆ ಚೌಕಟ್ಟು ಹಾಕಿಸಿದ ಸರ್ಟಿಫಿಕೇಟು ಕಿಟಕಿಯ ಗೋಡೆಗೇರಿತು. ಹದಿನೇಳು ವರ್ಷ ಅದೇ ಕಿಟಕಿಯಲ್ಲಿ ಕುಳಿತಿದ್ದವಳು, ಆಸ್ಪತ್ರೆಯವರೆಲ್ಲ 'ಅಕ್ಕ' ಎಂದು ಕರೆಯುವವಳು, ದಾಖಲೆ ಕೋಣೆಗೆ ಹೋದಳು. ಅಕ್ಕ ಇಂಗ್ಲಿಷ್ ಕಲಿತದ್ದು ರೋಗಿಗಳಿಂದ. ತಪ್ಪು ಮಾತಾಡಿ, ನಗೆಪಾಟಲಾಗಿ, ಮತ್ತೆ ಕೇಳಿ ಕಲಿತದ್ದು. ಅದಕ್ಕೆ ಯಾರೂ ಚೌಕಟ್ಟು ಹಾಕಿಸಿರಲಿಲ್ಲ.

ಫೈಲುಗಳ ನಡುವೆ ಕೂತಿದ್ದ ಅಕ್ಕ ತಲೆ ಎತ್ತದೆಯೇ ಕೇಳಿದಳು. "ಏನಂತೆ ಈಗ?"

"ಮುಂದಿನ ತಪಾಸಣೆಗೆ ಯಾವತ್ತು ಬರ್ಲಿ ಅಂತ ಕೇಳ್ತಿದಾನೆ ಅನ್ಸುತ್ತಕ್ಕ. ಸೋಮವಾರ ಅಂತ ಬರೆದುಬಿಡ್ಲಾ?"

"ಅನ್ಸುತ್ತಾ? ಅವನಂದಿದ್ದೇನು ಹೇಳು."

"ಬ್ಲ್ಯಾಕ್ ಅಂದ... ಕರ್ಟನ್ ಅಂದ. ಮನೆ ಪರದೆ ವಿಷಯ ನನಗ್ಯಾಕೆ ಹೇಳ್ತಾನೋ!"

ಅಕ್ಕ ಕೈಯಲ್ಲಿದ್ದ ಫೈಲು ಕೆಳಗೆ ಬೀಳುವಂತೆ ಎದ್ದಳು. ಚಪ್ಪಲಿ ಮೆಟ್ಟಲೂ ನಿಲ್ಲಲಿಲ್ಲ. ಹೊರಗೆ ಹೋಗಿ ಮುದುಕನ ಭುಜ ಹಿಡಿದು ನಾಲ್ಕು ಮಾತು ಕೇಳಿದಳು. ಅವನು ಕೈಯನ್ನು ಮುಖದ ಮುಂದೆ ಮೇಲಿಂದ ಕೆಳಗೆ ಇಳಿಸಿ ತೋರಿಸಿದ. ಕಪ್ಪು ಪರದೆಯೊಂದು ಅವನ ಕಣ್ಣ ಮೇಲೇ ಇಳಿಯುತ್ತಿತ್ತು. ಅಕ್ಕ ಅವನನ್ನು ಸಾಲು ತಪ್ಪಿಸಿ, ಬೈಯುವವರ ಬೈಗುಳ ತಿಂದು, ನೇರ ಡಾಕ್ಟರ ಕೋಣೆಗೆ ನುಗ್ಗಿಸಿದಳು.

ಅರ್ಧ ಗಂಟೆ ಬಿಟ್ಟು ನರ್ಸ್ ಬಂದು ಹೇಳಿದಳು. "ಆಪರೇಶನ್‌ಗೆ ಒಳಗೆ ತಗೊಂಡ್ರು. ನಾಳೆ ಬಂದಿದ್ರೆ ಕಣ್ಣು ಹೋಗಿರೋದಂತೆ. ಭೇಷ್ ಫಾರಿನ್ ಮೇಡಂ, ಅಕ್ಕನ ಕೈಲಿ ತಕ್ಷಣ ಕಳಿಸಿದ್ರಲ್ಲ, ನಿಮ್ಮ ಇಂಗ್ಲಿಷಿಂದ ಒಂದು ಕಣ್ಣು ಉಳೀತು!"

ಫಾರಿನ್ ಆ ಹೊಗಳಿಕೆಯನ್ನು ಇಟ್ಟುಕೊಂಡಳು. ಅವಳ ಪೆನ್ನಿನ ಕೆಳಗೆ ಚೀಟಿಯ ಮೇಲೆ 'ಸೋಮ' ಎಂದು ಅರ್ಧ ಬರೆದದ್ದು ಹಾಗೇ ಇತ್ತು.

ಅಸಲಿಗೆ ಹೊರದೇಶಕ್ಕೆ ಹೋಗಬೇಕಾದವಳು ಅವಳಲ್ಲ. ಪಟ್ಟಿಯಲ್ಲಿದ್ದದ್ದು ಅಕ್ಕನ ಹೆಸರು. ಆಡಳಿತ ನೋಡುವ ಸಾಹೇಬರು ಒಂದು ದಿನ ಲಿಫ್ಟಿನಲ್ಲಿ, "ಅಕ್ಕನವರು ನಾಲ್ಕು ವಾರ ಮನೆ ಬಿಟ್ಟು ಇರ್ತಾರಾ?" ಎಂದು ಇವಳನ್ನು ಕೇಳಿದ್ದರು. "ಕಷ್ಟ ಸರ್, ಅವರ ಅತ್ತೆ ಹಾಸಿಗೆ ಹಿಡಿದಿದಾರೆ" ಎಂದಿದ್ದಳು ಇವಳು. ಮೂರನೇ ಮಹಡಿ ಬರುವಷ್ಟರಲ್ಲಿ ಮುಗಿದ ಸುಳ್ಳು. ಅಕ್ಕನ ಅತ್ತೆ ತೀರಿಕೊಂಡು ಅಷ್ಟೊತ್ತಿಗೆ ವರ್ಷವಾಗಿತ್ತು. ಸಾವಿನ ಮನೆಗೆ ಹೋಗಿ ಅಕ್ಕನ ಕೈ ಹಿಡಿದು ಕೂತು ಬಂದವಳೇ ಇವಳು.

ಅಷ್ಟು ಮಾಡಿ ಹೋದವಳು ಕಲಿತಳಾದರೂ ಏನು? ಬೆಳಿಗ್ಗೆ ಪಾಠ, ಮಧ್ಯಾಹ್ನ ಪ್ರವಾಸ ಎಂದು ಕಾಗದದಲ್ಲಿತ್ತು. ಆದರೆ ಆ ಶಾಲೆಯಲ್ಲಿ ಬಸ್ಸು ಹತ್ತಿದರೂ ಹಾಜರಿ ಬೀಳುತ್ತಿತ್ತು. ಇದು ಗೊತ್ತಾದ ಮೇಲೆ ಪಾಠಕ್ಕೆ ಯಾರು ಹೋಗುತ್ತಾರೆ? ಇವಳ ಜೊತೆಗಿದ್ದ ಹದಿನಾಲ್ಕು ಜನರೂ ಇವಳ ಭಾಷೆಯವರೇ. ಸಮುದ್ರದ ದಂಡೆಯಲ್ಲಿ, ಕೋಟೆಯ ಮೇಲೆ, ಅಂಗಡಿ ಬೀದಿಯಲ್ಲಿ, ಎಲ್ಲಿ ಹೋದರೂ ತಮ್ಮ ಭಾಷೆಯಲ್ಲೇ ಹರಟೆ ಹೊಡೆದು, ನಕ್ಕು ನಕ್ಕು ಹೊಟ್ಟೆ ಹುಣ್ಣಾಗಿಸಿಕೊಂಡು ಬಂದರು. ಕೊನೆಗೆ ಎಲ್ಲರಿಗೂ ಒಂದೊಂದು ಸರ್ಟಿಫಿಕೇಟು.

ಅವತ್ತೇ ಮಧ್ಯಾಹ್ನ ಸಾಹೇಬರು ಎಲ್ಲರನ್ನೂ ಸಭೆ ಕೋಣೆಗೆ ಕರೆಸಿದ್ದರು. ಮುಂದಿನ ವರ್ಷ ಇನ್ನೂ ಮೂವರನ್ನು ಕಳಿಸುವುದಿತ್ತು. ಫಾರಿನ್ ತನ್ನ ಫೋಟೊ ತೋರಿಸಿ ಅನುಭವ ಹೇಳಬೇಕಿತ್ತು.

"ಇನ್ನೊಂದು ವಿಷಯ," ಎಂದರು ಸಾಹೇಬರು. "ಇನ್ಮೇಲೆ ಕಿಟಕಿಗೆ ತರಬೇತಿ ಆದವರು ಮಾತ್ರ. ಅಕ್ಕನವರನ್ನ ದಾಖಲೆ ಕೋಣೆಗೇ ಕಾಯಂ ಮಾಡ್ತಾ ಇದೀವಿ. ಇವತ್ತು ಬೆಳಿಗ್ಗೆ ಏನಾಯ್ತು ನೋಡಿದ್ರಲ್ಲ? ಅದೇ ತರಬೇತಿ ಅಂದ್ರೆ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ಅಕ್ಕನೂ ತಟ್ಟಿದಳು. ಆ ಎರಡು ಕೈ ತಟ್ಟುವುದನ್ನು ಫಾರಿನ್‌ಗೆ ನೋಡಲಾಗಲಿಲ್ಲ.

ಪರದೆಯ ಮೇಲೆ ಫೋಟೊಗಳು ಬಂದವು. ದೋಣಿ. ಸೇತುವೆ. ಗಾಳಿಗೆ ಹಾರಿದ ಟೋಪಿ. ಮತ್ತೆ ದೋಣಿ.

"ಪಾಠದ್ದು ತೋರ್ಸಮ್ಮ," ಎಂದರು ಸಾಹೇಬರು.

ಇವಳು ಹುಡುಕಿ ಹುಡುಕಿ ಒಂದನ್ನು ತೋರಿಸಿದಳು. ಹದಿನೈದು ಜನ ಹಲ್ಲು ಕಿರಿದು ನಿಂತಿದ್ದಾರೆ. ಹಿಂದೆ ಕರಿಹಲಗೆ ಖಾಲಿ.

"ಮೇಷ್ಟ್ರು ಎಲ್ಲಿ?" ಎಂದು ಲ್ಯಾಬಿನವನು ತಮಾಷೆ ಮಾಡಿದ.

"ಅವರಿನ್ನೂ ಬಂದಿರಲಿಲ್ಲ," ಎಂದಳು ಇವಳು. "ಅವರು ಬರೋ ಹೊತ್ತಿಗೆ ನಾವು ಬಸ್ಸಲ್ಲಿದ್ವಿ. ಸರ್, ಇರೋದು ಇದೊಂದೇ. ಉಳಿದ ಇನ್ನೂರು ಫೋಟೊನೂ ಪ್ರವಾಸದ್ದೇ."

ಸಾಹೇಬರು ನಗುವುದಕ್ಕೆ ನೋಡಿದರು. "ಪ್ರವಾಸನೂ ಶಿಕ್ಷಣಾನೇ ಅಲ್ವೇನಮ್ಮ? ನಾಲ್ಕು ಊರು ನೋಡಿದ್ರೆ ಧೈರ್ಯ ಬರುತ್ತೆ."

"ಧೈರ್ಯ ಬಂತು ಸರ್. ಭಾಷೆ ಬರ್ಲಿಲ್ಲ. ಆ ಧೈರ್ಯದಲ್ಲೇ ಬೆಳಿಗ್ಗೆ ಆ ಮುದುಕನಿಗೆ ಸೋಮವಾರ ಬಾ ಅಂತ ಬರೀತಿದ್ದೆ. ಕಣ್ಣು ಉಳಿಸಿದ್ದು ಅಕ್ಕ. ಆರು ತಿಂಗಳಿಂದ ನನ್ನ ಇಂಗ್ಲಿಷೆಲ್ಲ ಅಕ್ಕಂದೇ. ಓಡಿಹೋಗಿ ಕೇಳ್ಕೊಂಡು ಬಂದು ಹೇಳೋದು, ಅಷ್ಟೇ ನನ್ನ ಕೆಲಸ."

"ಹಾಗಾದ್ರೆ ಅಲ್ಲಿ ಯಾರೂ ಕಲೀಲೇ ಇಲ್ವಾ?" ಸಾಹೇಬರ ಮುಖ ಕೆಂಪಾಗಿತ್ತು.

"ಒಬ್ಬಳು ಕಲಿತಳು ಸರ್. ಬೇರೆ ದೇಶದಿಂದ ಕಲಿಯೋಕೆ ಬಂದಿದ್ದ ಅಡುಗೆಯವಳು, ಈ ಫೋಟೊ ತೆಗೆದವಳು. ಅವಳ ಭಾಷೆಯವರು ಅಲ್ಲಿ ಒಬ್ಬರೂ ಇರಲಿಲ್ಲ. ಒಂದು ದಿನಾನೂ ಪಾಠ ಬಿಡಲಿಲ್ಲ. ಅವಳನ್ನ ನೋಡಿ ನಾವೆಲ್ಲ ನಗ್ತಿದ್ವಿ." ಇವಳು ಉಸಿರೆಳೆದುಕೊಂಡಳು. "ಅಕ್ಕನ್ನ ಕಳಿಸಿದ್ರೆ ಅಕ್ಕನೂ ಹಾಗೇ ಕಲ್ತುಬರ್ತಿದ್ಳು. ತಪ್ಪಿಸಿದ್ದು ನಾನು. ಅತ್ತೆ ಹಾಸಿಗೆ ಹಿಡಿದಿದಾರೆ ಅಂತ ನಿಮಗೆ ಹೇಳಿದ್ನಲ್ಲ, ಅದು ಸುಳ್ಳು. ಅವರು ಸತ್ತು ಆಗಲೇ ವರ್ಷ ಆಗಿತ್ತು."

ಸಾಹೇಬರು ನಿಧಾನವಾಗಿ ಅಕ್ಕನ ಕಡೆ ತಿರುಗಿದರು. "ಏನ್ರೀ ಇದು? ನಾನು ಕೇಳಿದ್ನಲ್ಲ, ಅತ್ತೆ ಹೇಗಿದಾರೆ ಅಂತ? ನೆಮ್ಮದಿಯಾಗಿದಾರೆ ಅಂದಿದ್ರಿ!"

"ಸುಳ್ಳೇನಿದೆ ಸರ್," ಎಂದಳು ಅಕ್ಕ. "ಅವರೂ ನೆಮ್ಮದಿಯಾಗಿದಾರೆ, ನಾನೂ ನೆಮ್ಮದಿಯಾಗಿದೀನಿ."

ಯಾರೋ ಕಿಸಕ್ಕೆಂದರು. ಆಮೇಲೆ ಯಾರೂ ನಗಲಿಲ್ಲ. ಹದಿನೇಳು ವರ್ಷ ದುಡಿದವಳ ಮನೆಯಲ್ಲಿ ಸಾವಾದದ್ದು ತನಗೆ ಗೊತ್ತಿಲ್ಲವೆಂಬುದು ಸಾಹೇಬರಿಗೂ ನಾಟಿರಬೇಕು. ಕಾಗದಗಳನ್ನು ಜೋಡಿಸಿಕೊಂಡು, "ನಾಳೆ ಮಾತಾಡೋಣ" ಎಂದು ಎದ್ದುಬಿಟ್ಟರು.

ಕಾರಿಡಾರಿನಲ್ಲಿ ಫಾರಿನ್ ಅಕ್ಕನ ಹಿಂದೆ ಓಡಿದಳು. "ಅಕ್ಕಾ, ನಿನಗೆ ಗೊತ್ತಿತ್ತಾ?"

"ನೀನು ವಿಮಾನ ಹತ್ತಿದ ವಾರವೇ ಗೊತ್ತಾಯ್ತು. ನೀನು ಹೇಳಿದ್ದು ಅಂತ ಸಾಹೇಬರು ನನ್ನ ಹತ್ರ ಅತ್ತೆನ ವಿಚಾರಿಸಿದ್ರಲ್ಲ!"

"ಮತ್ತೆ ನನ್ನ ಯಾಕೆ ಬೈಲಿಲ್ಲ? ಕೇಳಿದಾಗೆಲ್ಲ ಯಾಕೆ ಹೇಳಿಕೊಟ್ಟೆ?"

"ಕಿಟಕಿ ಹತ್ರ ನಿಂತವನಿಗೆ ಕಣ್ಣು ನೋವು ಕಣೇ. ನಮ್ಮಿಬ್ಬರ ಜಗಳ ಅವನಿಗ್ಯಾಕೆ?" ಅಕ್ಕನ ದನಿ ಗಟ್ಟಿಯಾಯಿತು. "ನೀನು ದಿನಕ್ಕೆ ನಾಲ್ಕು ಸಲ ಚೀಟಿ ಹಿಡ್ಕೊಂಡು ಬರ್ತಿದ್ದೆ. ಇವತ್ತಾದ್ರೂ ಬಾಯಿ ಬಿಡ್ತಾಳೆ, ಇವತ್ತಾದ್ರೂ ಬಿಡ್ತಾಳೆ ಅಂತ ನೋಡ್ದೆ. ಆರು ತಿಂಗಳು ಬೇಕಾಯ್ತಾ ನಿಂಗೆ?"

"ಕ್ಷಮಿಸಕ್ಕ."

"ಈಗಲೇ ಆಗಲ್ಲ. ಸುಮ್ನೆ ಬಾಯಿಮಾತಿಗೆ ಹೂಂ ಅನ್ನೋದು ನನಗೆ ಬರಲ್ಲ." ಹೇಳಿ ದಾಖಲೆ ಕೋಣೆಯ ಬಾಗಿಲು ಹಾಕಿಕೊಂಡಳು.

ಮರುದಿನ ಅಕ್ಕನನ್ನು ಸಾಹೇಬರು ಕರೆಸಿ, ಕಿಟಕಿಗೇ ಮರಳಲು ಹೇಳಿದರು. ಅವಳು ಕಿಟಕಿ ಕೋಣೆಗೆ ಬಂದಾಗ ಗೋಡೆಯ ಮೇಲೆ ಸರ್ಟಿಫಿಕೇಟು ಇರಲಿಲ್ಲ, ಬರೀ ಮೊಳೆ ಇತ್ತು. ಕುರ್ಚಿ ಒರೆಸಿಟ್ಟಿತ್ತು. ಪಕ್ಕದಲ್ಲಿ ದಾಖಲೆ ಕೋಣೆಯಿಂದ ತಂದ ಸ್ಟೂಲು. ಅದರ ಪಕ್ಕ, ನೋಟುಪುಸ್ತಕ ಎದೆಗವಚಿಕೊಂಡು ಫಾರಿನ್ ನಿಂತಿದ್ದಳು.

ಅಕ್ಕ ತನ್ನ ಚೀಲವನ್ನು ಆ ಮೊಳೆಗೆ ನೇತುಹಾಕಿ ಕುರ್ಚಿಯಲ್ಲಿ ಕುಳಿತಳು.

ಹತ್ತು ಗಂಟೆಗೆ ಹೊರದೇಶದ ಹೆಂಗಸೊಬ್ಬಳು ಬಂದು ಏನೋ ಕೇಳಿದಳು. ಅಭ್ಯಾಸಬಲದಿಂದ ಫಾರಿನ್ ಬಾಯಲ್ಲಿ "ಒನ್ ಮಿನಿಟ್" ಬಂತು, ಕಾಲು ಬಾಗಿಲ ಕಡೆ ತಿರುಗಿತು. ಅಕ್ಕ ಅವಳ ರಟ್ಟೆ ಹಿಡಿದು ಸ್ಟೂಲಿನ ಮೇಲೆ ಕೂರಿಸಿದಳು.

"ಎಲ್ಲಿಗೆ ಓಡ್ತೀಯ? ಅರ್ಥ ಆಗ್ಲಿಲ್ಲ ಅಂತ ಅವಳಿಗೇ ಹೇಳು. ಇನ್ನೊಂದು ಸಲ ಹೇಳಿ ಅಂತ ಕೇಳು."

ಫಾರಿನ್ ಕೇಳಿದಳು. ಮಾತು ತಡವರಿಸಿತು, ಕಿವಿ ಬಿಸಿಯಾಯಿತು. ಹೊರಗಿದ್ದ ಹೆಂಗಸು ಗಾಜಿಗೆ ಇನ್ನಷ್ಟು ಹತ್ತಿರ ಬಂದು, ಮೊದಲಿನಿಂದ, ನಿಧಾನವಾಗಿ ಹೇಳತೊಡಗಿದಳು.