ನಡದ ತೋರಸವಾ

ಗುಳೇದಗುಡ್ಡದಲ್ಲಿ ಹೆಣ್ಣು ತೋರಿಸುವ ವಿದ್ಯೆಗೆ ಯಾರಾದರೂ ಪದವಿ ಕೊಡುವಂತಿದ್ದರೆ ಅದು ಇಂದ್ರವ್ವನಿಗೇ ಸಲ್ಲಬೇಕಿತ್ತು. ಅವಳಿಗೆ ಒಬ್ಬಳೇ ಮಗಳು, ಭಾಗ್ಯಜ್ಯೋತಿ. ಹುಟ್ಟಿನಿಂದಲೇ ಹುಡುಗಿಯ ಎಡಗಾಲು ಬಲಗಾಲಿಗಿಂತ ಗಿಡ್ಡ, ಮೊಣಕಾಲಿನ ಕೆಳಗೆ ಸಣಕಲು. ಆದರೆ ನೋಡಲು ಬಂದ ಬೀಗರಲ್ಲಿ ಒಬ್ಬರಿಗಾದರೂ ಅದು ಗೊತ್ತಾಗಿದ್ದರೆ ಕೇಳಿ! ಇಂದ್ರವ್ವ ಮಗಳ ಸೀರೆಯ ನೆರಿಗೆಯನ್ನು ನೆಲ ಗುಡಿಸುವಷ್ಟು ಇಳಿಬಿಡುತ್ತಿದ್ದಳು. ಒಳಗೆ ಎಡಗಾಲಿನ ಹಿಮ್ಮಡಿ ಎತ್ತಿ ತುದಿಬೆರಳ ಮೇಲೆ ನಡೆಯುವುದನ್ನು ಕಲಿಸಿದ್ದಳು. ಕೈಗೊಂದು ಅವಲಕ್ಕಿಯ ತಾಟು ಕೊಟ್ಟುಬಿಟ್ಟರೆ ಬಂದವರ ಕಣ್ಣು ತಾಟಿನ ಮೇಲೇ ಇರುತ್ತದೆ ಎಂಬುದು ಅವಳ ಅನುಭವದ ಮಾತು. "ನಡದ ತೋರಸವಾ" ಎಂದು ಗಂಡಿನ ಕಡೆಯ ಹಿರಿಯಳು ಅಂದರೆ ಸಾಕು, ಹುಡುಗಿ ಪಡಸಾಲೆಯ ಈ ಕಂಬದಿಂದ ಆ ಕಂಬಕ್ಕೆ ನೆಟ್ಟಗೆ ಹೋಗಿ ಬರುತ್ತಿದ್ದಳು. ಆಮೇಲೆ ಓಣಿಯವರು ಯಾರೋ ಕಿವಿ ಊದುವರು, ಮಾತು ಮುರಿಯುವುದು, ಇಂದ್ರವ್ವ ಬಾಗಿಲಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಬೈಯುವಳು. ಮುಂದಿನ ಸಲಕ್ಕೆ ನೆರಿಗೆ ಇನ್ನೊಂದು ಬೆರಳು ಕೆಳಗಿಳಿಯುತ್ತಿತ್ತು.

ಭಾಗ್ಯಜ್ಯೋತಿಗೆ ಈ ಆಟ ಸಾಕಾಗಿ ಹೋಗಿತ್ತು. ಅವಳ ತಲೆಯಲ್ಲಿ ಗಂಡಿನ ಬದಲು ಗಾಡಿ ಹೊಕ್ಕು ಕೂತಿತ್ತು. ಅಪ್ಪ ಮಲಕಪ್ಪ ಮನೆಯ ಮಗ್ಗದಲ್ಲಿ ಖಣ ನೇಯುತ್ತಿದ್ದ. ಕುಪ್ಪಸಕ್ಕೆಂದು ನೇಯುವ ಆ ಬಟ್ಟೆಯಲ್ಲಿ ಮಗಳು ಕೈಚೀಲ ಹೊಲಿಯುತ್ತಿದ್ದಳು. ಬಾದಾಮಿಗೆ ಗುಹೆ ನೋಡಲು ಬರುವ ಮಂದಿ ಅವನ್ನು ಮುಗಿಬಿದ್ದು ಕೊಳ್ಳುತ್ತಿದ್ದರು. ಆದರೆ ಚೀಲದ ಗಂಟು ಹೊತ್ತು ಬಸ್ಸು ಹತ್ತುವುದು ಅವಳಿಂದ ಆಗದ ಕೆಲಸ. ಯಾರದೋ ಕೈಯಲ್ಲಿ ಕಳಿಸಿದರೆ ಅಂಗಡಿಯವನು ಏನಂದ, ಯಾವ ಬಣ್ಣ ಬೇಕಂದ, ಒಂದೂ ತಿರುಗಿ ಬರುತ್ತಿರಲಿಲ್ಲ. ಮೂರು ಗಾಲಿಯ ಸ್ಕೂಟರ್ ಒಂದಿದ್ದರೆ ತನ್ನ ಚೀಲ ತಾನೇ ಒಯ್ದು, ತನ್ನ ಮಾತು ತಾನೇ ಆಡಿ ಬರಬಹುದಲ್ಲ ಎಂದು ಅವಳು ಹೊಲಿಗೆ ಯಂತ್ರದ ಮುಂದೆ ಕೂತು ದಿನಾ ಯೋಚಿಸುತ್ತಿದ್ದಳು.

ಅಂಥ ಗಾಡಿಯ ಸುದ್ದಿ ತಂದವನು ಅಯೂಬ. ಊರಿನ ಅಂಗವಿಕಲರ ಅರ್ಜಿ, ಪೆನ್ಷನ್ನು, ಬಸ್ ಪಾಸು ಇವೆಲ್ಲಕ್ಕೂ ಓಡಾಡಿಕೊಡುವ ಕಾರ್ಯಕರ್ತ ಅವನು. ಅವನೂ ಮೂರು ಗಾಲಿಯ ಮೇಲೆಯೇ ತಿರುಗುವವನು. ಬಾಗಿಲ ಮುಂದೆ ಗಾಡಿ ನಿಲ್ಲಿಸಿ, ಇಳಿಯದೆಯೇ ಕೂಗಿದ.

"ಇಂದ್ರಕ್ಕಾ, ಪುರಸಭೆಯಿಂದ ಗಾಡಿ ಕೊಡಾಕ ಹತ್ಯಾರ. ಈ ತಿಂಗಳ ಕೊನಿಗೆ ಅರ್ಜಿ ಬಂದ್ ಆಗ್ತಾವ. ಅಂಗವಿಕಲರ ಕಾರ್ಡ್ ಇಲ್ಲಾ ಅದರ ಸರ್ಟಿಫಿಕೇಟು ಇಲ್ದಿದ್ರ ಅರ್ಜಿ ಮುಟ್ಟಂಗಿಲ್ಲ ಅವರು. ನವನಗರದ ಜಿಲ್ಲಾ ದವಾಖಾನ್ಯಾಗ ಡಾಕ್ಟರು ನೋಡಿ ಪರ್ಸೆಂಟ್ ಬರೀತಾರ. ನಲವತ್ತು ಮುಟ್ಟಬೇಕು."

"ನಲವತ್ತೇನು, ನಮ್ಮ ಹುಡುಗಿ ಎಸ್ಸೆಸ್ಸೆಲ್ಸಿಯೊಳಗ ಎಪ್ಪತ್ತ ತಗದಾಳ ತಗೋ."

"ಅದಲ್ಲಕ್ಕಾ, ಇದು ಕಾಲಿನ ಪರ್ಸೆಂಟು. ಕಾಲು ಎಷ್ಟ ಸೋತೈತಿ ಅನ್ನೂದು."

ಇಂದ್ರವ್ವನ ಮುಖ ಬಾಡಿತು. "ಕುಂಟಿ ಅಂತ ಸರಕಾರನ ಸಿಕ್ಕಾ ಹೊಡದು, ಫೋಟೋ ಹಚ್ಚಿ ಕಾರ್ಡ್ ಕೊಟ್ರ, ನಾಳೆ ನನ್ನ ಮಗಳನ್ನ ಯಾರ ನೋಡಾಕ ಬರ್ತಾರೋ ಅಯೂಬಾ?"

"ಇಷ್ಟ ದಿನಾ ನೋಡಿದವರು ಏನ ಮಾಡ್ಯಾರ? ಅವಲಕ್ಕಿ ತಿಂದ ಹೋಗ್ಯಾರ," ಎಂದ ಮಲಕಪ್ಪ, ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತಲ್ಲಿಂದಲೇ.

ಇಂದ್ರವ್ವ ಗಂಡನ ಮೇಲೆ ಹರಿಹಾಯಲು ತಿರುಗಿದಳು. ಅಷ್ಟರಲ್ಲಿ ಮಗಳು ಬಂದು ಅವಳ ಕೈ ಹಿಡಿದುಕೊಂಡಳು. "ಯವ್ವಾ, ನನಗ ಗಾಡಿ ಬೇಕು. ನಾ ಎಂದಾದ್ರೂ ಏನಾದ್ರೂ ಬೇಡೇನೇನು?" ಎಂದಳು. ಬೇಡಿರಲಿಲ್ಲ, ನಿಜ. ಇಂದ್ರವ್ವ "ಆತು, ಹೋಗೂಣು" ಅಂದಳು.

ಕಂಪ್ಯೂಟರ್ ಅಂಗಡಿಯಲ್ಲಿ ಕೂತು ಆಧಾರ್, ಫೋಟೋ ಎಲ್ಲ ಹಾಕಿ ಕಾರ್ಡಿನ ಅರ್ಜಿ ತುಂಬಿಸಿದ್ದಾಯಿತು. ಮೊಬೈಲಿಗೆ ತಾರೀಖೂ ಬಂತು. ಆ ದಿನ ಬೆಳಿಗ್ಗೆ ಇಂದ್ರವ್ವ ಮಗಳಿಗೆ ಪೆಟ್ಟಿಗೆಯಲ್ಲಿದ್ದ ಇಳಕಲ್ ಸೀರೆ ಉಡಿಸಿದಳು, ಖಣದ ಕುಪ್ಪಸ ತೊಡಿಸಿದಳು, ತಲೆಗೆ ಅಬ್ಬಲಿಗೆ ಮುಡಿಸಿದಳು. "ಯವ್ವಾ, ನಾವು ದವಾಖಾನಿಗೆ ಹೊಂಟೇವಿ," ಎಂದು ಮಗಳು ನಕ್ಕರೆ, "ದೊಡ್ಡ ಮಂದಿ ಮುಂದ ಹೋಗಬೇಕಾದ್ರ ಹಂಗs ಹೋಗ್ತಾರೇನ?" ಎಂದು ಗದರಿದಳು. ಒಂದು ಸ್ಟೀಲ್ ಡಬ್ಬಿಯಲ್ಲಿ ಹುರಿದ ಅವಲಕ್ಕಿಯ ಚೂಡಾ ತುಂಬಿ ಚೀಲಕ್ಕೆ ಹಾಕಿದ್ದೂ ಹಾಗೆಯೇ, ಯಾಕೆಂದು ತನಗೇ ಗೊತ್ತಿಲ್ಲದೆ. ಇಬ್ಬರೂ ಬಸ್ಸು ಹಿಡಿದು ನವನಗರಕ್ಕೆ ಬಂದರು. ಅಯೂಬ ಇನ್ನೂ ನಾಲ್ಕಾರು ಜನರ ಕಾಗದ ಹಿಡಿದುಕೊಂಡು ಆಗಲೇ ದವಾಖಾನೆಯ ಪಡಸಾಲೆಯಲ್ಲಿ ಕಾಯುತ್ತಿದ್ದ.

ಸರದಿ ಬಂತು. ಎಲುಬಿನ ಡಾಕ್ಟರು ಪದ್ಮಜಾ ಎಂಬ ನಡುವಯಸ್ಸಿನ ಹೆಣ್ಣುಮಗಳು. ಟೇಪು ಹಿಡಿದು ಎರಡೂ ಕಾಲು ಅಳೆದರು, "ನನ್ನ ಕೈ ನೂಕು" ಎಂದು ಪಾದದ ಬಲ ನೋಡಿದರು, ಬರೆದುಕೊಂಡರು. ಅಲ್ಲಿಯ ತನಕ ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ಅವರು ಕುರ್ಚಿಗೆ ಒರಗಿ, ಪಾಪ, ಅವರಿಗೇನು ಗೊತ್ತು, "ಈಗ ಸ್ವಲ್ಪ ನಡದ ತೋರಸವಾ" ಎಂದುಬಿಟ್ಟರು.

ಆ ಮಾತು ಕಿವಿಗೆ ಬಿದ್ದದ್ದೇ ತಡ, ಭಾಗ್ಯಜ್ಯೋತಿಯ ಬೆನ್ನು ನೆಟ್ಟಗಾಯಿತು, ಹಿಮ್ಮಡಿ ತಾನಾಗಿ ಎದ್ದಿತು, ಕಣ್ಣು ನೆಲಕ್ಕಿಳಿಯಿತು. ಗೋಡೆಯ ತನಕ ಹೋದಳು, ತಿರುಗಿ ಬಂದಳು. ಒಂದು ಕೂದಲೆಳೆಯಷ್ಟೂ ವಾಲಲಿಲ್ಲ. ಇಂದ್ರವ್ವನಿಗೋ ಹಿಗ್ಗೇ ಹಿಗ್ಗು. ಎಲ್ಲಿದ್ದೇನೆ, ಯಾಕೆ ಬಂದಿದ್ದೇನೆ ಎಂಬುದೆಲ್ಲ ಅವಳ ತಲೆಯಿಂದ ಹಾರಿಯೇ ಹೋಯಿತು.

ಡಾಕ್ಟರು ಬರೆದ ಕಾಗದ ನೋಡಿದರು, ಹುಡುಗಿಯನ್ನು ನೋಡಿದರು. "ಕೆಳಗ ಕುಂದ್ರಾಕ ಬರ್ತದೇನು?"

"ಬರಲಾರದೇನ್ರಿ ಬಾಯಾರ! ಕುಂತಳಂದ್ರ ಬುಟ್ಟಿ ತುಂಬ ರೊಟ್ಟಿ ಬಡದ ಏಳಾಕಿ," ಎಂದಳು ಇಂದ್ರವ್ವ.

"ಮೆಟ್ಟಲ ಹತ್ತಾಕ?"

"ಮಾಳಗಿ ಮ್ಯಾಲ ಮೆಣಸಿನಕಾಯಿ ಒಣಗಸಾಕಿ ಈಕಿನs."

"ನೋವು ಗೀವು?"

"ನೋವು ಅಂದ್ರ ಏನಂತ ಗೊತ್ತಿಲ್ರಿ ನನ್ನ ಮಗಳಿಗೆ." ಇಂದ್ರವ್ವ ಚೀಲದಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. "ಒಂದೀಟ ಚೂಡಾ ಬಾಯಾಗ ಹಾಕ್ಕೋರಿ. ಆಕಿನs ಮಾಡಿದ್ದು."

ಮಗಳು ಹಿಂದಿನಿಂದ ಸೆರಗು ಜಗ್ಗುತ್ತಿದ್ದುದು ಅವಳ ಅರಿವಿಗೇ ಬರಲಿಲ್ಲ. ಡಾಕ್ಟರು ಪೆನ್ನು ಕೆಳಗಿಟ್ಟರು.

"ಅಲ್ಲವಾ, ನೀವು ಇಲ್ಲಿ ಕಾಲು ತೋರಸಾಕ ಬಂದೀರೋ, ಹೆಣ್ಣು ತೋರಸಾಕ ಬಂದೀರೋ?"

ಬಾಗಿಲ ಬಳಿಯಿದ್ದ ಅಯೂಬ ಕಿಸಕ್ಕನೆ ನಕ್ಕ. ಇಂದ್ರವ್ವನ ಕೈ ಡಬ್ಬಿಯ ಮೇಲೆಯೇ ನಿಂತುಹೋಯಿತು. ಡಾಕ್ಟರಿಗೆ ಸಿಟ್ಟೇನೂ ಇರಲಿಲ್ಲ. ಅವರು ಬಿಡಿಸಿ ಹೇಳಿದರು. "ನೋಡ್ರಿ, ಟೇಪು ಒಂದು ಹೇಳ್ತದ, ನಿಮ್ಮ ಮಗಳು ಇನ್ನೊಂದು ಹೇಳ್ತಾಳ. ನಡಿಯೋದು, ಕೂಡೋದು, ಹತ್ತೋದು ಎಲ್ಲಾ ಲೆಕ್ಕಕ್ಕ ಬರ್ತದ. ಹಿಂಗ ಬರದ್ರ ನಲವತ್ತು ಮುಟ್ಟಂಗಿಲ್ಲ. ನಾ ಕಂಡದ್ದನ್ನ ಬರಿಯಾಕಿ, ಇಲ್ಲದ್ದು ಬರಿಯಾಕಿ ಅಲ್ಲ. ಇನ್ನಿಬ್ಬರನ್ನ ನೋಡ್ತೇನಿ, ಅಲ್ಲೀತನಕ ಹೊರಗ ಕೂಡ್ರಿ. ಆಮ್ಯಾಲ ಬಂದು, ನೀ ಹೆಂಗ ನಡೀತಿಯೋ ಹಂಗ ನಡಿಯವಾ."

ಹೊರಗೆ ಬಂದದ್ದೇ ಭಾಗ್ಯಜ್ಯೋತಿ ಬೆಂಚಿನ ಮೇಲೆ ಕುಸಿದಳು. ಅಯೂಬ ಸಮಾಧಾನ ಮಾಡಿದ. "ಭಾಗ್ಯಾ, ಅದರಾಗೇನೈತಿ? ಮನ್ಯಾಗ ನಡದಂಗ ನಡದ್ರ ಆತು. ಒಮ್ಮಿ ಇಲ್ಲೇ ನಡದ ನೋಡು."

ಅವಳು ಎದ್ದು ನಡೆದಳು. ಮತ್ತೆ ಅದೇ ನೆಟ್ಟಗಿನ ನಡೆ. ತಲೆ ಕೊಡವಿ, ಬೇಕೆಂದೇ ಕುಂಟಲು ನೋಡಿದಳು. ಸೊಂಟ ಒಂದು ಕಡೆ, ಭುಜ ಒಂದು ಕಡೆ ಹೋಗಿ, ಬಯಲಾಟದಲ್ಲಿ ಮುದುಕಿಯ ಪಾರ್ಟು ಮಾಡಿದಂತಾಯಿತು. ಕಾಯುತ್ತಿದ್ದ ಮಂದಿ ನಕ್ಕರು. ಅವಳಿಗೂ ನಗು ಬಂತು, ನಗುತ್ತಿದ್ದಂತೆಯೇ ಕಣ್ಣು ತುಂಬಿದವು.

"ನನಗ ಮರತೈತಿ ಯವ್ವಾ," ಎಂದಳು. "ಮನ್ಯಾಗೂ ನೀ ಹಿಮ್ಮಡಿ ಇಳಸಾಕ ಬಿಡಲಿಲ್ಲ. ನಾ ಹೆಂಗ ನಡೀತಿದ್ದೆ ಅನ್ನೂದ ನನಗs ಮರತೈತಿ."

ತಪ್ಪು ಮಾಡಿದೆ ಎಂದು ಇಂದ್ರವ್ವನಿಗೆ ಹಿಂದೆಂದೂ ಅನಿಸಿರಲಿಲ್ಲ. ಈಗ ಅನಿಸಿತು, ಗಟ್ಟಿಯಾಗಿಯೇ ಅನಿಸಿತು. ಮಗಳ ಕಾಲನ್ನು ಮಂದಿಯ ಕಣ್ಣಿಂದ ಮುಚ್ಚಿಡುತ್ತ ಮುಚ್ಚಿಡುತ್ತ ಅದನ್ನು ಮಗಳಿಂದಲೇ ಕಸಿದುಕೊಂಡಿದ್ದೆನಲ್ಲ, ಎಂಥ ತಾಯಿ ನಾನು ಎಂದು ತನ್ನನ್ನೇ ಬೈದುಕೊಂಡಳು. ಹುಡುಗಿ ಸೀರೆ ಉಡುವ ಮೊದಲು, ಲಂಗದಲ್ಲಿದ್ದಾಗ ಹೇಗಿದ್ದಳು ಎಂದು ನೆನಪಿಸಿಕೊಂಡಳು. ಓಣಿಯ ಮಗ್ಗಗಳ ಸದ್ದಿನ ನಡುವೆ ಮೇಲೆ ಕೆಳಗೆ ಜಿಗಿಯುತ್ತ ಓಡುತ್ತಿದ್ದಳು. ಯಾರ ಕೈಗೂ ಸಿಗುತ್ತಿರಲಿಲ್ಲ. ಯಾರೋ ನೋಡಿ ಅಯ್ಯೋ ಪಾಪ ಅಂದರೆಂದು ಓಟವನ್ನು ನಿಲ್ಲಿಸಿದವಳು ತಾನೇ.

"ಏಳು," ಎಂದಳು ಇಂದ್ರವ್ವ.

"ಯಾಕ?"

"ಏಳಂದ್ರ ಏಳು." ಮಗಳನ್ನು ನಿಲ್ಲಿಸಿ, ಅಷ್ಟು ಮಂದಿಯ ಎದುರಿಗೇ ಮೊಣಕಾಲೂರಿ ಕೂತಳು. ಬೆಳಿಗ್ಗೆ ತಾನೇ ಇಳಿಬಿಟ್ಟಿದ್ದ ನೆರಿಗೆಯನ್ನು ಹಿಡಿದೆತ್ತಿ, ಹೊಲದ ಕೆಲಸಕ್ಕೆ ಇಳಿಯುವವರಂತೆ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿದಳು. ಸಣಕಲು ಕಾಲು ಬೆಳಕಿಗೆ ಬಂತು. "ಈಗ ಓಡು."

"ಏನಂದಿ?"

"ಓಡ ಅಂದೆ! ಆ ಕಡೆ ಬಾಗಲಾ ಮುಟ್ಟಿ ಬಾ. ಮಂದಿ ನೋಡ್ಲಿ ಬಿಡು, ಅವರಪ್ಪನ ಗಂಟೇನ ಹೋಗ್ತೈತಿ? ನಾ ನಿನ್ನ ಹಿಡಿಯಾಕ ಬರ್ತೇನಿ ನೋಡು!"

ಮಗಳು ತಾಯಿಯನ್ನು ಮಿಕಮಿಕ ನೋಡಿದಳು. ಇಂದ್ರವ್ವ ನಿಜವಾಗಿಯೂ ಸೆರಗು ಸಿಕ್ಕಿಸಿಕೊಂಡು ಬೆನ್ನಟ್ಟಲು ಮುಂದಾದಾಗ, ಕಿಟಾರನೆ ಕಿರುಚಿ ಓಡಿಯೇಬಿಟ್ಟಳು. ಮೊದಲ ಎರಡು ಹೆಜ್ಜೆ ತಡವರಿಸಿದವು. ಆಮೇಲೆ ಹಿಮ್ಮಡಿ ನೆಲಕ್ಕೆ ಇಳಿಯಿತು, ಭುಜ ವಾಲಿತು, ಸೊಂಟ ತೂಗಿತು. ಕುಂಟುತ್ತ, ಜಿಗಿಯುತ್ತ, ನಗುತ್ತ ಪಡಸಾಲೆ ದಾಟಿ ಗಾಲಿಕುರ್ಚಿಯ ಇಳಿಜಾರಿನಲ್ಲಿ ಇಳಿದಳು. ಅಬ್ಬಲಿಗೆ ಜಾರಿ ಎಲ್ಲೋ ಬಿತ್ತು. ಇಂದ್ರವ್ವ ಏದುಸಿರು ಬಿಡುತ್ತ ಹಿಂದೆ ಹೋದವಳು ಅರ್ಧಕ್ಕೇ ಸೋತು ನಿಂತಳು. ಎಷ್ಟು ಚೆಂದ ಓಡುತ್ತಾಳೆ ನನ್ನ ಮಗಳು ಎಂದು ಅವಳಿಗೆ ಅಳು ಬಂತು. ಅಯೂಬ, ಗಾಡಿ ಹೊರಗೆ ನಿಂತಿದ್ದರಿಂದ, ಹಾರ್ನಿನ ಬದಲು ಬಾಯಲ್ಲೇ ಪೀಂ ಪೀಂ ಎಂದು ದಾರಿ ಬಿಡಿಸುತ್ತಿದ್ದ.

"ದವಾಖಾನ್ಯಾಗ ಓಡಬಾರದು," ಎಂದು ಯಾರೋ ಅಂದರು. ನೋಡಿದರೆ ಪದ್ಮಜಾ ಡಾಕ್ಟರು ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಮುಖದಲ್ಲಿ ಮಾತ್ರ ನಗುವಿತ್ತು. "ಒಳಗ ಬಾರವಾ. ಈಗ ಸಿಕ್ಕಿ ನೋಡು."

ಈ ಸಲ ಕಾಲು ಮಾತು ಕೇಳಿತು. ಭಾಗ್ಯಜ್ಯೋತಿ ವಾಲುತ್ತ ನಡೆದಳು, ಒಂಟಿ ಕಾಲಿನಲ್ಲಿ ನಿಲ್ಲಲು ಹೋಗಿ ಮೇಜು ಹಿಡಿದಳು, ಕೆಳಗೆ ಕೂತು ಏಳುವಾಗ ತುಟಿ ಕಚ್ಚಿದಳು.

"ನೋವು ಐತೇನು?" ಡಾಕ್ಟರು ಮತ್ತೆ ಕೇಳಿದರು.

ಮಗಳು ತಾಯಿಯ ಮುಖ ನೋಡಿದಳು. ಇಂದ್ರವ್ವ ಡಾಕ್ಟರ ಮುಖವನ್ನೇ ನೋಡುತ್ತ ಹೇಳಿದಳು. "ಐತ್ರಿ ಬಾಯಾರ. ಸೊಂಟ ನೋಯತೈತಿ ಆಕಿಗೆ. ಮಲಗಿದಾಗ ನರಳತಾಳ. ನಾ ಕೇಳಿಯೂ ಕೇಳದಂಗ ಇರ್ತಿದ್ದೆ. ಬುಟ್ಟಿ ತುಂಬ ರೊಟ್ಟಿ ಅಂದದ್ದೂ ಸುಳ್ಳರಿ, ಬಡಿಯಾಕಿ ನಾನs. ಚೂಡಾ ಮಾತ್ರ ಖರೇನs ಆಕಿನs ಮಾಡಿದ್ದು."

ಡಾಕ್ಟರು ಬರೆದು ಮುಗಿಸಿ, ಕಾಗದವನ್ನು ತಿರುಗಿಸಿ ತೋರಿಸಿದರು. ನಲವತ್ತೆಂಟು. "ಇನ್ನಿಬ್ಬರು ಡಾಕ್ಟರ ಸಹಿ ಆಗ್ತದ, ಈ ವಾರದಾಗ ಸರ್ಟಿಫಿಕೇಟು ಬರ್ತದ, ಅದನ್ನ ಹಚ್ಚಿ ಗಾಡಿ ಅರ್ಜಿ ಹಾಕ್ರಿ. ಕಾರ್ಡು ಪೋಸ್ಟಿನಾಗ ಮನಿಗೇ ಬರ್ತದ," ಎಂದು ಹೇಳಿ, ಡಬ್ಬಿಗೆ ಕೈಹಾಕಿ ಒಂದು ಹಿಡಿ ಚೂಡಾ ತೆಗೆದುಕೊಂಡರು. ಇಂದ್ರವ್ವ ಡಬ್ಬಿ ಸಮೇತ ಅಲ್ಲೇ ಬಿಟ್ಟು ಬಂದಳು.

ಬಸ್ ನಿಲ್ದಾಣದಲ್ಲಿ ಗುಳೇದಗುಡ್ಡದ ಬಸ್ಸು ಇನ್ನೂ ಬಂದಿರಲಿಲ್ಲ. ಭಾಗ್ಯಜ್ಯೋತಿ ವಿಚಾರಿಸಿಕೊಂಡು ಬರಲು ಹೋದಳು, ಸೀರೆ ಇನ್ನೂ ಎತ್ತಿ ಕಟ್ಟಿಕೊಂಡೇ, ತೂಗುತ್ತ, ಬಿರಬಿರನೆ. ಬದಿಯಲ್ಲಿ ಹುನಗುಂದದ ಬಸ್ಸಿಗೆ ಕಾಯುತ್ತಿದ್ದ ಮುದುಕಿಯೊಬ್ಬಳು ಅವಳನ್ನೇ ನೋಡಿ, ಇಂದ್ರವ್ವನ ಕಡೆ ವಾಲಿದಳು.

"ನಿಮ್ಮ ಮಗಳೇನ್ರಿ? ಕಾಲಿಗೆ ಏನಾಗೇತ್ರಿ, ಪಾಪ?"

ಮುಳ್ಳು ನೆಟ್ಟಿದೆ ಎಂದು ಹೇಳಲು ಇಂದ್ರವ್ವನ ಬಾಯಿ ತೆರೆದಿತ್ತು. ಮುಚ್ಚಿದಳು. ಮತ್ತೆ ತೆರೆದಳು.

"ಏನೂ ಆಗಿಲ್ರಿ ಯಕ್ಕಾ. ಹುಟ್ಟಿದಾಗಿಂದ ಗಿಡ್ಡ ಐತಿ. ಕುಂಟತಾಳ ನನ್ನ ಮಗಳು." ಆಡಿದ ಮೇಲೆ ನೋಡಿದರೆ ಆಕಾಶವೇನೂ ಕಳಚಿ ಬಿದ್ದಿರಲಿಲ್ಲ. ಅವಳಿಗೆ ಹುರುಪು ಬಂತು. "ಪಾಪ ಗೀಪ ಅನಬ್ಯಾಡ್ರಿ ಮತ್ತ. ಖಣದ ಚೀಲ ಹೊಲೀತಾಳ, ಬಾದಾಮಿ ಪ್ಯಾಟಿ ತುಂಬ ಆಕೀ ಚೀಲನs. ಸ್ವಂತ ಗಾಡಿ ಬರೂದೈತಿ. ನಿಮ್ಮ ಕಡೆ ಛಲೋ ಹುಡುಗ ಇದ್ರ ಕಳಸ್ರಿ. ಈ ಸಲ ನಡದಲ್ಲ, ಓಡಿ ತೋರಸ್ತಾಳ!"

ತಿರುಗಿ ಬಂದಿದ್ದ ಭಾಗ್ಯಜ್ಯೋತಿ ಕೊನೆಯ ಮಾತು ಕೇಳಿಸಿಕೊಂಡಳು. ತಾಯಿಯ ಪಕ್ಕದಲ್ಲಿ ಧೊಪ್ಪೆಂದು ಕೂತು, ಗಿಡ್ಡ ಕಾಲನ್ನು ಆರಾಮಾಗಿ ಮುಂದೆ ಚಾಚಿ, ಮುದುಕಿಗೆ ಹೇಳಿದಳು.

"ಮೊದಲ ಅಂವಾ ಓಡಿ ತೋರಸ್ಲಿ ಅನ್ರಿ ಆಯಿ. ನಾ ಗಾಡಿ ಮ್ಯಾಲ ಕುಂತು ನೋಡ್ತೇನಿ."