ಹೆಸರು ಬೇಡವೆಂದವರು

ಅಮೆರಿಕದ ಗಾಯಕಿ ಅರ್ಲೀನ್ ಪ್ರಿಚೆಟ್ ಐವತ್ತು ವರ್ಷ ಹಾಡಿದ ಸೋಲ್ ಹಾಡುಗಳಿಂದ ಒಳ್ಳೆಯವನ್ನು ಆರಿಸಿ, ನಾಲ್ಕು ಎಲ್‌ಪಿ ಮಾಡಿ, ಮದುವೆ ಸೀರೆಯ ಡಬ್ಬದಂಥ ಪೆಟ್ಟಿಗೆಯಲ್ಲಿಟ್ಟು ರೆಕಾರ್ಡ್ ಕಂಪನಿಯವರು ಮಾರುತ್ತಿದ್ದರು. 2022ರ ಬೇಸಿಗೆಯಲ್ಲಿ ಅಂಥದೊಂದು ಪೆಟ್ಟಿಗೆ ವರ್ಜೀನಿಯಾದ ಫೇರ್‌ಫ್ಯಾಕ್ಸ್‌ನ ರಾಜಲಕ್ಷ್ಮಿಯವರ ಮನೆಗೂ ಬಂತು. ಅವರು ತಟ್ಟೆಗಳನ್ನು ಮುಟ್ಟಲೇ ಇಲ್ಲ. ಜೊತೆಗಿದ್ದ ಪುಸ್ತಿಕೆ ತೆಗೆದು, ಭೂತಗನ್ನಡಿ ಹಿಡಿದು, ‘ಗ್ಯಾಸ್ಟೋನಿಯಾದ ಕೊನೆ ಬಸ್ಸು’ ಎಂಬ ಹಾಡಿನ ಕೆಳಗೆ ಹುಡುಕಿದರು. ಡ್ರಮ್ಸ್ ಬಾರಿಸಿದವನ ಹೆಸರಿತ್ತು. ಸ್ಟುಡಿಯೋಗೆ ಸ್ಯಾಂಡ್‌ವಿಚ್ ತಂದುಕೊಡುತ್ತಿದ್ದವನಿಗೂ ಒಂದು ಸಾಲು ಕೃತಜ್ಞತೆಯಿತ್ತು. ಎಲ್ಲರಿಗಿಂತ ಕೆಳಗೆ, ಇರುವೆಯಷ್ಟು ಅಕ್ಷರದಲ್ಲಿ: ‘ಆಲಾಪ: ಹೆಸರು ಬೇಡವೆಂದವರು.’

“ನಾನ್ಯಾವಾಗ ಬೇಡ ಅಂದೆ?”

“ಹೋದ ವರ್ಷ ಅಂದ್ಯಲ್ಲ, ಫೋನಲ್ಲಿ,” ಎಂದರು ಪತಿ ಅನಂತ. ನಲವತ್ತು ವರ್ಷ ಜನರ ಮೂತ್ರಪಿಂಡ ನೋಡಿ ನಿವೃತ್ತರಾದ ಅವರಿಗೆ ಇನ್ನೊಬ್ಬರ ನೋವಿನ ವಿಷಯದಲ್ಲಿ ನಿಖರವಾಗಿರುವುದು ಅಭ್ಯಾಸವಾಗಿತ್ತು. “ನಾನು ಇಲ್ಲೇ ಕೂತಿದ್ದೆ. ‘ನೋ ನೋ, ನನ್ನ ಹೆಸರೆಲ್ಲ ಯಾಕೆ’ ಅಂದೆ.”

“ಅದು ಬಾಯಿಮಾತಿಗೆ ಅಂದಿದ್ದು ರೀ.”

“ಆ ಹುಡುಗಿಗೆ ಬಾಯಿ ಮಾತ್ರ ಕೇಳಿಸಿದ್ದು.”

ಮೈಸೂರಿನ ಕೃಷ್ಣಮೂರ್ತಿಪುರದಲ್ಲಿ ಬೆಳೆದ ಹೆಣ್ಣುಮಕ್ಕಳಿಗೆ ಹಾಡು ಬರುವ ಮೊದಲು ಹಾಡಲೊಲ್ಲೆನೆನ್ನುವುದು ಬರುತ್ತಿತ್ತು. ಯಾರಾದರೂ ಒಂದು ಹಾಡು ಹೇಳಮ್ಮ ಎಂದರೆ ಗಂಟಲು ಸರಿಯಿಲ್ಲ. ಮತ್ತೆ ಕೇಳಿದರೆ ಅಯ್ಯೋ, ನಂಗೇನು ಬರುತ್ತೆ. ಇನ್ನೂ ಬಲವಂತ ಮಾಡಿದರೆ ಸೆರಗು ಸರಿಮಾಡಿಕೊಂಡು ಶ್ರುತಿ. ಕೇಳಿದ ಕೂಡಲೇ ಬಾಯಿ ತೆರೆದವಳು ಹಾಡುಗಾರ್ತಿಯಲ್ಲ, ಬಜಾರಿ. ರೆಕಾರ್ಡ್ ಕಂಪನಿಯಿಂದ ಫೋನ್ ಮಾಡಿದ್ದ ಮೆಗನ್ ಎಂಬ ಹುಡುಗಿ ಮಾತ್ರ ಒಂದು ಸಲ ಕೇಳಿ, ನಿಮ್ಮ ಇಚ್ಛೆಯನ್ನು ಗೌರವಿಸುತ್ತೇವೆ ಎಂದು ಫೋನ್ ಇಟ್ಟಿದ್ದಳು. ಎರಡನೆಯ ಸಲದ ಕರೆಗಾಗಿ ರಾಜಲಕ್ಷ್ಮಿ ದೀಪಾವಳಿಯವರೆಗೂ ಕಾದಿದ್ದರು. ಅಮೆರಿಕದಲ್ಲಿ ಗೌರವಿಸುವುದೆಂದರೆ ಇದೇ; ಬೇಡ ಎಂದವರ ತಟ್ಟೆಗೆ ಯಾರೂ ಇನ್ನೊಂದು ಹೋಳಿಗೆ ಹಾಕುವುದಿಲ್ಲ.

ಅವರು ಜೀವಮಾನದಲ್ಲಿ ರೆಕಾರ್ಡಿಗೆ ಹಾಡಿದ್ದು ಅದೊಂದೇ. 1977ರಲ್ಲಿ, ಅನಂತ ಷಾರ್ಲಟ್‌ನಲ್ಲಿ ಆಸ್ಪತ್ರೆಯೊಂದರಲ್ಲಿ ರೆಸಿಡೆನ್ಸಿ ಮಾಡುತ್ತಿದ್ದಾಗ, ಕಿಡ್ನಿ ಕಲ್ಲಿನ ನೋವಿನಲ್ಲಿ ಬಂದ ಒಬ್ಬ ರೆಕಾರ್ಡ್ ಪ್ರೊಡ್ಯೂಸರ್ ಗುಣವಾದ ಮೇಲೆ ಮನೆಗೆ ಊಟಕ್ಕೆ ಬಂದು, ಅಡುಗೆಮನೆಯಿಂದ ಬಂದ ಗುನುಗು ಕೇಳಿ ಬೆರಗಾಗಿದ್ದ. ಅವನು ಬಲವಂತ ಮಾಡುವುದರಲ್ಲಿ ಮೈಸೂರಿನವನೇ. ಆಮೇಲೆ ಹಾಡಿದ್ದೆಲ್ಲ ಕನ್ನಡ ಸಂಘದ ರಾಜ್ಯೋತ್ಸವಗಳಲ್ಲಿ, ಊಟವಾದ ಮೇಲೆ, ಜನ ಕಾರಿನ ಕೀಲಿ ಹುಡುಕುವ ಹೊತ್ತಿನಲ್ಲಿ.

“ಶನಿವಾರ ಅಟ್ಲಾಂಟಾದಲ್ಲಿ ಅರ್ಲೀನ್ ಸೈನ್ ಹಾಕ್ತಾರಂತೆ, ರೆಕಾರ್ಡ್ ಅಂಗಡೀಲಿ,” ಎಂದರು ರಾಜಲಕ್ಷ್ಮಿ. “ಅಲ್ಲೇ ಪಕ್ಕ ಡುಲುತ್‌ಗೆ ಮಗಳ ಮನೆಗೆ ಹೇಗೂ ಹೋಗ್ಬೇಕಲ್ಲ.”

“ಹೇಗೂ ಹೋಗ್ಬೇಕಿರ್ಲಿಲ್ಲ.”

“ಈಗ ಹೋಗ್ಬೇಕು.”

ಅನಂತ ಡ್ರೈವ್ ಮಾಡಿದರು. ನಾರ್ತ್ ಕ್ಯಾರೊಲೈನಾದಲ್ಲಿ ಏಪೆಕ್ಸ್ ಕಡೆಗಿನ ಎಗ್ಸಿಟ್ ಫಲಕ ಕಂಡಾಗ, ಅಲ್ಲಿರುವ ತಮ್ಮನ ಮನೆಯಲ್ಲಿ ಕಾಫಿ ಕುಡಿದು ಹೋಗೋಣವೇ ಎಂದರು. ಜಗಳಕ್ಕೆ ಹೊರಟವರು ಕಾಫಿ ಕುಡಿಯುವುದಿಲ್ಲ ಎಂದು ಉತ್ತರ ಬಂತು. ಸೌತ್ ಕ್ಯಾರೊಲೈನಾದಲ್ಲಿ ಅವರು ಸಮಾಧಾನದ ದನಿಯಲ್ಲಿ, “ಒಂದು ಹೆಸರಿಗೆ ಇಷ್ಟೊಂದಾ ರಾಜಿ?” ಎಂದರು.

“ನಿಮ್ಮ ಹೆಸರಿನ ಬೋರ್ಡು ಎಷ್ಟು ಬಾಗಿಲ ಮೇಲಿತ್ತು, ಹೇಳಿ.”

ಅಟ್ಲಾಂಟಾ ಬರುವವರೆಗೆ ಅನಂತ ರೇಡಿಯೋ ಹಾಕಿಟ್ಟರು.

ಅಂಗಡಿಯಲ್ಲಿ ಸಾಲು ಬಾಗಿಲು ದಾಟಿ ಬೀದಿಗೆ ಬಂದಿತ್ತು. ಮೇಜಿನ ಹಿಂದೆ ಅರ್ಲೀನ್ ಪ್ರಿಚೆಟ್ ಬೆಳ್ಳಿಗೂದಲಿಗೆ ನೇರಳೆ ರುಮಾಲು ಕಟ್ಟಿ, ಎದುರು ಬಂದವರ ಮುಖ ನೋಡದೆ ಸಹಿ ಹಾಕುತ್ತಿದ್ದರು. ಇವರ ಸರದಿ ಬಂದಾಗ ನಡೆದ ಮಾತೆಲ್ಲ ಇಂಗ್ಲಿಷಿನಲ್ಲಿ. ಬಿಸಿ ಆರದಿರಲೆಂದು ಕನ್ನಡದಲ್ಲೇ ಕೊಡುವುದು ವಾಸಿ.

“ಯಾರ ಹೆಸರಿಗೆ ಬರೀಲಿ?” ಎಂದರು ಅರ್ಲೀನ್.

“ಹೆಸರು ಬೇಡವೆಂದವರು ಅಂತ ಬರೀರಿ.”

ಪೆನ್ನು ನಿಂತಿತು. ಅರ್ಲೀನ್ ತಲೆಯೆತ್ತಿ, ಅಂಚಿಲ್ಲದ ಕನ್ನಡಕ, ಹಣೆಯ ಬೊಟ್ಟು, ಅದರ ಹಿಂದಿನ ಮುಖ ಎಲ್ಲವನ್ನೂ ಸಾವಕಾಶವಾಗಿ ನೋಡಿದರು.

“ಓ. ಡಾಕ್ಟರ ಹೆಂಡತಿ. ರೇಷ್ಮೆ ಸೀರೆ ಉಟ್ಕೊಂಡು ಸ್ಟುಡಿಯೋಗೆ ಬಂದಿದ್ರಿ. ಈಗೇನು?”

“ನನ್ನ ಹೆಸರು ಯಾಕೆ ಹಾಕಿಲ್ಲ?”

“ಬೇಡ ಅಂದ್ರಂತೆ.”

“ಸಂಕೋಚಕ್ಕೆ ಅಂದೆ. ಇನ್ನೊಂದು ಸಲ ಕೇಳ್ಬೇಕಿತ್ತು.”

“ಇನ್ನೊಂದು ಸಲವಾ?” ಅರ್ಲೀನ್ ಕುರ್ಚಿಗೆ ಒರಗಿದರು. “ಅಮ್ಮಾ, ಮೊದಲನೇ ಸಲ ಕೇಳೋಕೇ ನಂಗೆ ಇಷ್ಟ ಇರ್ಲಿಲ್ಲ. ವಕೀಲ ಹೇಳ್ದ, ಕೇಳಿಸ್ದೆ. ನೀವು ಬೇಡ ಅಂದ್ರಿ ಅಂತ ಗೊತ್ತಾದ ದಿನ ಕೇಕ್ ತರಿಸಿ ತಿಂದೆ.”

ಸಾಲಿನಲ್ಲಿ ಹಿಂದೆ ನಿಂತಿದ್ದವರು ಫೋನುಗಳನ್ನು ಜೇಬಿಗಿಟ್ಟರು. ಇದು ಅದಕ್ಕಿಂತ ಚೆನ್ನಾಗಿತ್ತು.

“ನಾನು ನಿಮಗೇನು ಅನ್ಯಾಯ ಮಾಡಿದ್ದೆ?”

“ಆ ಹಾಡಿಗೆ ಎರಡನೇ ಚರಣ ಇತ್ತು. ನಾನು ಬರ್ದಿದ್ದು. ನಮ್ಮಮ್ಮ ಹತ್ತಿ ಗಿರಣಿ ಶಿಫ್ಟ್ ಮುಗಿಸಿ ಕೊನೆ ಬಸ್ಸಿಗೆ ಓಡಿಬರೋದು. ಅವಳಿಲ್ಲದೆ ಆ ಹಾಡಲ್ಲಿ ಬಸ್ಸಿಗೆ ಏನು ಕೆಲಸ? ಪ್ರೊಡ್ಯೂಸರ್ ಅದನ್ನ ಕತ್ತರಿಸಿ ಬಿಸಾಕಿ, ಆ ಜಾಗಕ್ಕೆ ನಿಮ್ಮ ‘ಆ ಆ’ ತುರುಕಿದ. ಇವತ್ತಿಗೂ ಜನ ನನ್ನ ಕೇಳ್ತಾರೆ, ಅದೆಷ್ಟು ಚೆನ್ನಾಗಿದೆ, ಆ ಇಂಡಿಯನ್ ಹುಡುಗಿ ಯಾರು ಅಂತ. ನಮ್ಮಮ್ಮ ಯಾರು ಅಂತ ಒಬ್ರೂ ಕೇಳಿಲ್ಲ.”

ರಾಜಲಕ್ಷ್ಮಿಗೆ ಇದು ಗೊತ್ತಿರಲಿಲ್ಲ. ಅಂದು ಹಾಡು ಮುಗಿಸಿ ಹೊರಬಂದಾಗ ಈ ಹೆಂಗಸು ಗೋಡೆಗೆ ಮುಖ ಮಾಡಿ ನಿಂತಿದ್ದನ್ನು ಕಂಡಿದ್ದರು. ಹೊಟ್ಟೆಕಿಚ್ಚು ಎಂದುಕೊಂಡಿದ್ದರು, ಮನೆಗೆ ಬರುತ್ತಾ ಅನಂತರಿಗೂ ಹಾಗೆಯೇ ಹೇಳಿ, ಸಂತೋಷಪಟ್ಟಿದ್ದರು.

“ಕತ್ತರಿಸಿದ್ದು ನಾನಲ್ಲ,” ಎಂದರು.

“ಮುಂಚೆ ಅಲ್ಲೇನಿತ್ತು ಅಂತ ಕೇಳಿದ್ರಾ?”

“ಇಲ್ಲ.”

“ಮತ್ತೆ?”

ಅನಂತ ಹೆಂಡತಿಯ ಮೊಣಕೈ ಮುಟ್ಟಿದರು. “ಬಿಡು ರಾಜಿ. ಪರವಾಗಿಲ್ಲ ಅಂದ್ಬಿಡು, ಹೋಗೋಣ.”

ಪರವಾಗಿಲ್ಲ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ರಾಜಲಕ್ಷ್ಮಿ ಅದನ್ನು ನುಂಗಿದರು.

“ನಂಗೆ ಬೇಕು. ನನ್ನ ಹೆಸರು ಅದರಲ್ಲಿ ಬೇಕು.”

ಹೀಗೆ ಮುಖಕ್ಕೆ ಮುಖ ಕೊಟ್ಟು ಬೇಕು ಎನ್ನುವುದನ್ನು ಕೇಳಿ ಅನಂತ ಕೈ ಹಿಂತೆಗೆದರು. ಅರ್ಲೀನ್ ಕಣ್ಣು ಕಿರಿದು ಮಾಡಿದರು.

“ಇನ್ನೊಂದು ಅಚ್ಚು ಬರುತ್ತೆ, ಚಳಿಗಾಲಕ್ಕೆ. ಹಾಕಿಸ್ತೀನಿ. ಆದ್ರೆ ಪೂರ್ತಿ ಹಾಕಿಸ್ತೀನಿ. ಆಲಾಪ ಇಂಥವರದು, ಅರ್ಲೀನ್ ಪ್ರಿಚೆಟ್ ತಾಯಿಯ ಚರಣ ಕಿತ್ತು ಹಾಕಿದ ಜಾಗದಲ್ಲಿ. ಒಪ್ಪಿಗೆನಾ? ನಾನು ಕೇಳೋದು ಒಂದೇ ಸಲ.”

ರಾಜಲಕ್ಷ್ಮಿಯವರ ಕಣ್ಣಮುಂದೆ ಸಂಘದ ಮಂದಿಯೆಲ್ಲ ಹಾದುಹೋದರು. ಪೆಟ್ಟಿಗೆ ತೋರಿಸಬೇಕು, ತೋರಿಸಿದವರಿಗೆಲ್ಲ ಆ ಸಾಲಿನ ಅರ್ಥ ಹೇಳಬೇಕು, ಹೇಳಿದ ಮೇಲೆ ಅವರ ಮುಖ ನೋಡಬೇಕು.

“ಒಪ್ಪಿಗೆ,” ಎಂದರು. “ನಿಮ್ಮ ತಾಯಿ ಹೆಸರೂ ಹಾಕ್ಸಿ. ಬರೀ ತಾಯಿ ಅಂದ್ರೆ ಅವರೂ ನನ್ನ ಹಾಗೇ ಆಗ್ತಾರೆ.”

“ಅದನ್ನ ನೀವು ನಂಗೆ ಹೇಳಿಕೊಡ್ಬೇಡಿ,” ಎಂದರು ಅರ್ಲೀನ್. ಆದರೂ ಒಂದು ಚೀಟಿ ಎಳೆದು, ಮೊದಲು ತಾವೇ ಬರೆದರು: ಹ್ಯಾಟಿ ಪ್ರಿಚೆಟ್. ಆಮೇಲೆ ಪೆನ್ನನ್ನು ಮೇಜಿನ ಮೇಲೆ ಈ ಕಡೆಗೆ ಉರುಳಿಸಿದರು.

ರಾಜಲಕ್ಷ್ಮಿ ಪಾಸ್‌ಪೋರ್ಟಿನಲ್ಲಿದ್ದಂತೆ ದುಂಡಗೆ ಬರೆದರು. ರಾಜಲಕ್ಷ್ಮಿ ಅನಂತ ಹೊಳೆನರಸೀಪುರ.

ಅರ್ಲೀನ್ ಅದನ್ನು ದೂರ ಹಿಡಿದು ನೋಡಿದರು. “ಇದಷ್ಟೂ ಹೆಸರಾ? ಇದಕ್ಕೆ ಜಾಗ ಮಾಡೋಕೆ ಇನ್ನು ಯಾರ ಚರಣ ಕೀಳ್ಬೇಕು?”

ರಾಜಲಕ್ಷ್ಮಿ ಚೀಟಿ ವಾಪಸು ಪಡೆದು ಹೊಳೆನರಸೀಪುರವನ್ನು ಹೊಡೆದುಹಾಕಿದರು. ಅದು ಗಂಡನ ಊರು. ರಾಜಲಕ್ಷ್ಮಿ ಅಲ್ಲಿ ಒಟ್ಟು ಎರಡು ರಾತ್ರಿ ಮಲಗಿರಬಹುದು. ಪೆನ್ನು ಅದರ ಹಿಂದಿನ ‘ಅನಂತ’ದ ಮೇಲೆ ಒಂದು ಗಳಿಗೆ ನಿಂತಿತು. ಅನಂತ ಕನ್ನಡಕ ಹಾಕಿಕೊಂಡು, ಬಗ್ಗಿ, ಅದನ್ನೇ ನೋಡುತ್ತಿದ್ದರು.

“ಅದು ಇರ್ಲಿ ಬಿಡೇ,” ಎಂದರು.

ರಾಜಲಕ್ಷ್ಮಿ ಅದನ್ನೂ ಹೊಡೆದುಹಾಕಿದರು.